ಹಸಿರು ಪರದೆಯ ಒಳಗಿನ ಈಜು

ದುಬೈಯ ಅಲ್ ಕುಸೈಸಿನ ಒಂದು ಕಟ್ಟಡದ ತಾರಸಿಯಲ್ಲಿ ಇನ್ನೂ ಬೆಳಕು ಹರಿಯುತ್ತಿದೆ. ಲೂರ್ದ್ ಬಾಯಿ ಉದ್ದ ಕೋಲಿನ ಬಲೆ ಹಿಡಿದು ಈಜುಕೊಳದಲ್ಲಿ ತೇಲುವ ಕಸ ಬಾಚುತ್ತಿದ್ದಾರೆ. ರಾತ್ರಿಯ ಗಾಳಿ ಮೆಟ್ಟಿಲವರೆಗೂ ಮರಳು ತಂದು ಸುರಿದಿದೆ. ಇನ್ನೇನು ಗಂಡಸರು ಬರುತ್ತಾರೆ. ಆಗ ಇವರು ಕೆಳಗಿಳಿಯಬೇಕು. ಶಾಲೆಯ ಬಸ್ಸುಗಳು ಹೋದ ಮೇಲೆ ಹೆಂಗಸರ ಸರದಿ. ಆಗ ಕೊಳದ ಕಾವಲು ಲೂರ್ದ್ ಅವರದು.

"ಗಂಡಸರು ಬಂದವರೇ ಧುಮುಕುದು. ಯಾರು ಮೊದಲು ಆಚೆ ದಡ ಮುಟ್ಟುದು ಅಂತ ಪಂಥ. ಹೆಂಗಸರು ಬಂದ್ರೆ ಮೊದಲು ಬಂದದ್ದಕ್ಕೆ ಒಂದು ಕಾರಣ ಹೇಳ್ತಾರೆ. ಸೊಂಟ ನೋವು, ನಾದಿನಿಯ ಮದುವೆ ಉಂಟು, ಸಪೂರ ಆಗ್ಬೇಕು, ಅಂತೆಲ್ಲ. ಅದೆಂತ ಹಾಗೆ ಅಂತ ನಂಗೆ ಯಾವಾಗ್ಲೂ ಆಲೋಚನೆ" ಎನ್ನುತ್ತಾರೆ.

ಲೂರ್ದ್ ಹುಟ್ಟಿದ್ದು ಮೂಲ್ಕಿಯ ಹೊಳೆಬದಿ. ಅಣ್ಣಂದಿರ ಜೊತೆ ಈಜು ಕಲಿತರು. ದೊಡ್ಡವಳಾದ ಮೇಲೆ ತಾಯಿ ದಡದಿಂದ "ಸಾಕು, ಮೇಲೆ ಬಾ" ಎಂದರು. ಅಣ್ಣಂದಿರನ್ನು ಯಾರೂ ಕರೆಯಲಿಲ್ಲ. ಗಂಡ ತೀರಿಕೊಂಡ ಬಳಿಕ ಮಗಳು ಸ್ಟೇಸಿಯನ್ನು ಅಕ್ಕನ ಮನೆಯಲ್ಲಿ ಬಿಟ್ಟು ದುಬೈಗೆ ಬಂದರು.

ಹೋದ ವರ್ಷ, 2003ರಲ್ಲಿ, ಈ ಕೆಲಸ ಕೈತಪ್ಪುವ ಹಾಗಾಗಿತ್ತು. ಹೆಂಗಸರ ಹೊತ್ತಿನಲ್ಲಿ ಕೊಳ ಖಾಲಿ. ಕಟ್ಟಡದ ಮೇಲ್ವಿಚಾರಕ ಜೆರಾಲ್ಡ್ ಹೇಳಿಯೇಬಿಟ್ಟರು: "ಬಾಯೀ, ಹೆಂಗಸರಿಗೆ ಮನಸ್ಸೇ ಇಲ್ಲ. ಈ ತಿಂಗಳು ನೋಡುವ, ಮತ್ತೆ ಲೇಡೀಸ್ ಟೈಮ್ ಖಲಾಸ್."

ಮನಸ್ಸಿಲ್ಲವೋ, ಬೇರೇನೋ? ಲೂರ್ದ್ ಲಿಫ್ಟಿನಲ್ಲಿ ಸಿಕ್ಕ ಹೆಂಗಸರನ್ನೆಲ್ಲ ಕೇಳತೊಡಗಿದರು. ಮೈಸೂರು ಕಡೆಯ ಲೀಲಮ್ಮ ನಕ್ಕುಬಿಟ್ಟರು. "ಮನಸ್ಸಿಲ್ಲ ಅಂತ ಯಾರ್ರೀ ಹೇಳಿದ್ದು? ಎದುರು ಬಿಲ್ಡಿಂಗಿನ ಕಿಟಕಿಗಳನ್ನ ನೋಡಿದೀರಾ? ಆ ಈಜೋ ಬಟ್ಟೆ ಹಾಕ್ಕೊಂಡು ಅಲ್ಲಿ ಹೇಗ್ರೀ ನಿಲ್ಲೋದು?"

ಲೂರ್ದ್ ಜೆರಾಲ್ಡರ ಬೆನ್ನುಬಿದ್ದು ಕೊಳದ ಸುತ್ತ ಹಸಿರು ಪರದೆ ಕಟ್ಟಿಸಿದರು. ತುಂಬುತೋಳಿನ ಈಜುಡುಗೆಗೂ ಒಪ್ಪಿಸಿದರು. ಮೊದಲ ದಿನ ಬಂದದ್ದು ಲೀಲಮ್ಮ ಒಬ್ಬರೇ. ಕಂಬಿ ಬಿಡದೆ ನಿಂತರು. ಲೂರ್ದ್ ನೀರಿಗಿಳಿದು ಅವರ ಬೆನ್ನಿಗೆ ಅಂಗೈ ಕೊಟ್ಟು ತೇಲಿಸಿದರು. ಮೈ ಹಗುರಾದದ್ದೇ ಲೀಲಮ್ಮ ಮಗುವಿನಂತೆ ಕಿರುಚಿದರು. ಮರುದಿನದಿಂದ ಅಕ್ಕಪಕ್ಕದ ಮನೆಯವರನ್ನೂ ಎಳೆತಂದರು. ಈಗ ಅಲ್ಲಿ ಈಜಿಗಿಂತ ಮಾತೇ ಹೆಚ್ಚು, ಆದರೆ ಯಾರೂ ತಪ್ಪಿಸುವುದಿಲ್ಲ. ಜೆರಾಲ್ಡ್ ಮತ್ತೆ ಆ ಮಾತೆತ್ತಿಲ್ಲ.

ಲೂರ್ದ್ ಎಣಿಸದ ಸಂಗತಿ ನಡೆದದ್ದು ಆಮೇಲೆ. ಲೀಲಮ್ಮನ ಗಂಡ ಶಾಮಸುಂದರ, ಕಚೇರಿಯಲ್ಲಿ ದೊಡ್ಡ ಹುದ್ದೆಯವರು, ಲಿಫ್ಟಿನ ಬಳಿ ನಿಂತು ಮೆಲ್ಲಗೆ ಕೇಳಿದರು: "ಮೇಲೆ ಯಾರೂ ಇಲ್ಲದ ಹೊತ್ತು ಯಾವ್ದಮ್ಮ? ನನಗೂ ಈಜು ಬರಲ್ಲ. ಗಂಡಸರ ಟೈಮಲ್ಲಿ ಹೋದ್ರೆ ನಗ್ತಾರೆ."

ರಜೆಯ ದಿನವಾದ ಶುಕ್ರವಾರ ಮಧ್ಯಾಹ್ನ ಕುಟುಂಬದವರೆಲ್ಲ ಒಟ್ಟಿಗೆ ಕೊಳಕ್ಕಿಳಿಯಬಹುದು. ಆದರೆ ಆಗ ಕಟ್ಟಡವೇ ಉಂಡು ಮಲಗಿರುತ್ತದೆ. ಆ ಹೊತ್ತಿಗೆ ಲೀಲಮ್ಮ ಗಂಡನಿಗೆ ಕಾಲು ಬಡಿಯಲು ಕಲಿಸುತ್ತಾರೆ. ಲೂರ್ದ್ ಟ್ಯೂಬ್ ಹಿಡಿದು ದಡದಲ್ಲಿ ಕೂರುತ್ತಾರೆ. "ಹೆಂಗಸರಿಗೆ ಯಾರಾದ್ರೂ ನೋಡ್ತಾರೆ ಅಂತ ನಾಚಿಕೆ. ಗಂಡಸರಿಗೂ ಉಂಟು ಅಂತ ನಂಗೆ ಗೊತ್ತೇ ಇರ್ಲಿಲ್ಲ ಮಾರಾಯ್ರೆ!"

ಹೆಂಗಸರ ಹೊತ್ತು ಮುಗಿಯುವ ಮುಂಚೆ, ಲೀಲಮ್ಮನನ್ನು ಕಾವಲಿಗೆ ಕೂರಿಸಿ ಲೂರ್ದ್ ತಾವೂ ಈಜುತ್ತಾರೆ. ದಿನವಿಡೀ ಇದೇ ನೀರು ನೋಡಿ ಬೇಸರ ಬರುವುದಿಲ್ಲವೇ ಎಂದರೆ, ಒದ್ದೆ ಕೂದಲು ಹಿಂಡುತ್ತಾ ನಗುತ್ತಾರೆ.

"ಬೇಸರ ಎಂತದು? ಕಾಯುದು ಸಂಬಳಕ್ಕೆ. ಈಜುದು ನಂಗೆ ಬೇಕು ಅಂತ."