ಇಪ್ಪತ್ಮೂರನೇ ನಂಬರಿನ ಡೆಲ್ಬರ್ಟ್

ಡೆಲ್ಬರ್ಟ್ ಹಾಸ್ಕಿನ್ಸ್ ಸಿನ್ಸಿನಾಟಿಯ ಏರುತಗ್ಗಿನ ಬೀದಿಗಳಲ್ಲಿ ಮೂವತ್ತೊಂದು ವರ್ಷ ಸಿಟಿ ಬಸ್ಸು ಓಡಿಸಿದವನು. ಅಷ್ಟು ವರ್ಷದಲ್ಲಿ ಒಂದು ನಿಮಿಷ ತಡ ಮಾಡಿದವನಲ್ಲ, ಯಾರಿಗಾಗಿಯೂ ಕಾದವನೂ ಅಲ್ಲ. ಏಳು ಇಪ್ಪತ್ತೆರಡು ಎಂದರೆ ಏಳು ಇಪ್ಪತ್ತೆರಡೇ. ಕೈ ಬೀಸಿಕೊಂಡು ಹಿಂದಿನಿಂದ ಓಡಿ ಬರುವವರು ಓಡುತ್ತಲೇ ಇರಬೇಕಿತ್ತು. ಒಮ್ಮೆ ಸ್ವಂತ ಮಗಳನ್ನೇ ಹಾಗೆ ಬಿಟ್ಟು ಹೋದ ಪುಣ್ಯಾತ್ಮ. ಅವತ್ತು ಅವಳಿಗೆ ಕಾಲೇಜಿನ ಪ್ರವೇಶ ಪರೀಕ್ಷೆ ಇತ್ತು. ನೋಡಲೇ ಇಲ್ಲ ಎಂದು ಇವನು ಹೇಳಿದ, ಮನೆಯವರು ಒಪ್ಪಿಕೊಂಡರು, ಆ ಮಾತು ಅಲ್ಲಿಗೇ ನಿಂತಿತು.

"ನಿನ್ನ ಗಂಡ ಮನುಷ್ಯನೋ ಗಡಿಯಾರನೋ?" ಎಂದು ಅಕ್ಕಪಕ್ಕದವರು ಕೇಳಿದರೆ ಹೆಂಡತಿ ಅರ್ನೆಸ್ಟೀನಳ ಉತ್ತರ ಸಿದ್ಧವಾಗಿರುತ್ತಿತ್ತು. "ಗಡಿಯಾರ ಆಗಿದ್ರೆ ಕೀ ಕೊಡದೆ ಬಿಟ್ಟಾಗ ನಿಲ್ತಿತ್ತು ಕಣಮ್ಮ. ಇದು ನಿಲ್ಲೋ ಪೈಕಿ ಅಲ್ಲ."

ಇಂಥವನು, ನಿವೃತ್ತನಾದ ಎರಡನೇ ವರ್ಷದ ನವೆಂಬರಿನಲ್ಲಿ, ಹಿಕರಿ ಬೀದಿಯ ಮಾಂಟೆಸರಿ ಶಾಲೆಯ ಮುಂದಿನ ಹುಲ್ಲಿನ ಮೇಲೆ ಗುಡಾರ ಹೊಡೆದು ಹದಿನಾಲ್ಕು ದಿನ ಸಾಲಿನಲ್ಲಿ ಕೂತ ಎಂದರೆ ನಂಬುತ್ತೀರಾ? ಕೂತದ್ದಂತೂ ನಿಜ.

ಆಗಿನ್ನೂ ಸೀಟಿಗೆ ಚೀಟಿ ಎತ್ತುವ ಪದ್ಧತಿ ಬಂದಿರಲಿಲ್ಲ. ಅದು ಸರ್ಕಾರಿ ಶಾಲೆ, ಬಿಡಿಗಾಸಿನ ಫೀಸಿಲ್ಲ. ಅಕ್ಕ ಅಣ್ಣ ಆಗಲೇ ಓದುತ್ತಿರುವ ಮಕ್ಕಳಿಗೆ ಕೊಟ್ಟು ಉಳಿದ ಸೀಟುಗಳು ಮೊದಲು ಬಂದವರಿಗೆ. ಮೊದಲು ಬರುವುದೆಂದರೆ ಅರ್ಜಿ ಕೊಡುವ ಮಂಗಳವಾರ ಬೆಳಗ್ಗೆ ಬೇಗ ಬರುವುದು ಎಂದುಕೊಂಡಿದ್ದರೆ ಕೆಟ್ಟಿರಿ. ಎರಡು ವಾರ ಮುಂಚೆಯೇ ಜನ ಗುಡಾರ, ಹಾಸಿಗೆ, ಸ್ಟೌ ಹೊತ್ತುಕೊಂಡು ಬಂದು ಠಿಕಾಣಿ ಹೂಡುತ್ತಿದ್ದರು. ಆ ವರ್ಷ ಉಳಿದಿದ್ದದ್ದು ಇಪ್ಪತ್ತೆರಡು ಸೀಟು. ಎಲ್ಲರಿಗಿಂತ ಮುಂಚೆ ಬಂದೆ ಎಂದು ಬೀಗುತ್ತ ಬಂದ ಡೆಲ್ಬರ್ಟ್‌ಗೆ ಸಿಕ್ಕಿದ್ದು ಇಪ್ಪತ್ಮೂರನೇ ನಂಬರು.

"ಮನೆಗೆ ಹೋಗಿ ಸಾರ್, ಒಂದರಲ್ಲಿ ತಪ್ಪಿಹೋಯ್ತು," ಎಂದಳು ಮಾರ್ಜ್ ಫ್ಯಾನಿಂಗ್. ಅವಳು ಒಂದನೇ ನಂಬರು. ವೃತ್ತಿಯಿಂದ ವಕೀಲೆ, ಹಾಗಾಗಿ ಸಾಲಿನ ಪಟ್ಟಿಯೂ ನಿಯಮಾವಳಿಯೂ ಅವಳ ಕೈಯಲ್ಲೇ.

"ಹದಿನಾಲ್ಕು ದಿನ ಇದೆಯಲ್ಲಮ್ಮ. ಯಾರಾದ್ರೂ ಒಬ್ರು ಸುಸ್ತಾಗೇ ಆಗ್ತಾರೆ," ಎಂದು ಡೆಲ್ಬರ್ಟ್ ಗುಡಾರದ ಗೂಟ ಬಡಿದ.

ಇಷ್ಟು ಹಟ ಯಾಕೆ ಎಂದರೆ ಮೊಮ್ಮಗಳು ಕೆಜಾಯ. ನಾಲ್ಕೂವರೆ ವರ್ಷ. ಒಂದು ಕಾಲುಚೀಲ ಹಾಕಿಕೊಳ್ಳಲು ಹತ್ತು ನಿಮಿಷ, ಎರಡಕ್ಕೆ ಇಪ್ಪತ್ತಲ್ಲ, ಅರ್ಧ ಗಂಟೆ. ನಡುವೆ ಕಾಲುಚೀಲದ ಎಳೆ ನೋಡುತ್ತಾಳೆ, ಹೆಬ್ಬೆರಳು ನೋಡುತ್ತಾಳೆ, ಅದರ ಜೊತೆ ಮಾತಾಡುತ್ತಾಳೆ. ಅವಳಮ್ಮ ಯೋಲಾಂಡಾ ಕೂಡ ಚಿಕ್ಕವಳಿದ್ದಾಗ ಹೀಗೇ ಇದ್ದಳು. ಅವಳು ಹೋದ ಶಾಲೆಯಲ್ಲಿ ಲೆಕ್ಕ ಮುಗಿಸದವರನ್ನು ಹಿಂದಿನ ಬೆಂಚಿಗೆ ತಳ್ಳುತ್ತಿದ್ದರು, ಇವಳು ಆ ಬೆಂಚಿನಲ್ಲೇ ಬೆಳೆದಳು. ಏಳು ವರ್ಷದವಳು ಒಂದು ದಿನ ಊಟದ ಹೊತ್ತಿನಲ್ಲಿ, "ಅಪ್ಪ, ನಾನು ದಡ್ಡಿ, ಗೊತ್ತಾ?" ಎಂದು ಸಹಜವಾಗಿ ಹೇಳಿ ಬಟಾಣಿ ತಿನ್ನಲು ಶುರು ಮಾಡಿದ್ದಳು. ಈಗ ಅವಳು ಆಸ್ಪತ್ರೆಯಲ್ಲಿ ರಕ್ತ ತೆಗೆಯುವ ಕೆಲಸ ಮಾಡುತ್ತಾಳೆ, ಕೈ ಎಷ್ಟು ಹಗುರ ಎಂದರೆ ಸೂಜಿ ಹೋದದ್ದೇ ತಿಳಿಯುವುದಿಲ್ಲ. ಆದರೂ ಫಾರ್ಮು ತುಂಬುವಾಗ ಇಂದಿಗೂ ಯಾರಾದರೂ ಪಕ್ಕದಲ್ಲಿ ನಿಂತರೆ ಬೆವರುತ್ತಾಳೆ. ಮೊಮ್ಮಗಳಿಗೆ ಆ ಬೆಂಚು ಬೇಡ ಎಂಬುದಷ್ಟೇ ಡೆಲ್ಬರ್ಟ್‌ನ ಆಸೆ.

ಈ ಶಾಲೆಯಲ್ಲಿ ಯಾರನ್ನೂ ಅವಸರ ಮಾಡುವುದಿಲ್ಲವಂತೆ. ಅದನ್ನು ಹೇಳಿದವಳು ಆಗಲೇ ಮಗನನ್ನು ಅಲ್ಲಿಗೆ ಸೇರಿಸಿದ್ದ ರೀಟಾ. ಶನಿವಾರ ಗುಡಾರದವರಿಗೆಂದು ದೊಡ್ಡ ಬೋಗುಣಿಯಲ್ಲಿ ಸ್ಪಗೆಟಿ, ಅದರ ಮೇಲೆ ಖೀಮದ ಗೊಜ್ಜು, ಅದರ ಮೇಲೆ ಗುಡ್ಡದಷ್ಟು ಚೀಸು ಹಾಕಿ ತಂದಿದ್ದಳು.

"ನನ್ನ ಮಗ ಮೂರು ತಿಂಗಳು ಟೇಬಲ್ ತೊಳೆದ," ಎಂದಳು ರೀಟಾ. "ಬರೀ ಟೇಬಲ್. ದಿನಾ ಅದೇ. ಬಕೆಟ್ಟು, ಸೋಪು, ಬ್ರಷ್ಷು. ನಮ್ಮತ್ತೆ ಫೋನ್ ಮಾಡಿ, ಏನಮ್ಮ, ಹೋಟ್ಲಿಗೆ ಸೇರಿಸಿದ್ದೀಯಾ ಅಂತ ಕೇಳಿದ್ರು."

"ಆಮೇಲೆ?"

"ನಾಲ್ಕನೇ ತಿಂಗಳು ಒಂದೇ ವಾರದಲ್ಲಿ ಓದೋಕೆ ಶುರು ಮಾಡ್ಬಿಟ್ಟ. ಟೀಚರನ್ನ ಕೇಳಿದೆ, ಹೆಂಗೆ ಅಂತ. ಅವನ ಟೇಬಲ್ ಮುಗೀಲಿ ಅಂತ ಕಾಯ್ತಿದ್ವಿ ಅಂದ್ರು."

ಪಕ್ಕದಲ್ಲಿದ್ದ ಅರ್ನೆಸ್ಟೀನ್ ಗಂಡನ ಕಡೆ ವಾರೆಗಣ್ಣು ಬಿಟ್ಟಳು. "ನಿನ್ನನ್ನೂ ಸೇರಿಸ್ಕೋತಾರಾ ಕೇಳು. ಅರವತ್ನಾಲ್ಕು ವರ್ಷ ಆಯ್ತು, ಒಂದು ಟೇಬಲ್ ಒರೆಸಿಲ್ಲ."

ಸಾಲಿನ ನಿಯಮ ಸರಳವಾಗಿತ್ತು. ದಿನಕ್ಕೆ ಮೂರು ಸಲ, ಎಂಟಕ್ಕೆ, ಒಂದಕ್ಕೆ, ಆರಕ್ಕೆ ಗಂಟೆ ಬಾರಿಸಿ ಹಾಜರಿ ಕರೆಯುವುದು. ಮನೆಯವರಲ್ಲಿ ಯಾರಾದರೂ ಒಬ್ಬರು ಇರಬೇಕು. ಇಲ್ಲವಾದರೆ ಹೆಸರು ಸಾಲಿನ ಕೊನೆಗೆ. ಮೊದಲ ದಿನ ಯಾರೋ, "ಏನಾದ್ರೂ ತುರ್ತು ಬಂದ್ರೆ?" ಎಂದು ರಾಗ ಎಳೆದಾಗ ಎದ್ದು ನಿಂತು ಕೂಗಿದವನು ಡೆಲ್ಬರ್ಟೇ.

"ತುರ್ತು ಎಲ್ರಿಗೂ ಇರತ್ತೆ ಸ್ವಾಮಿ! ಒಬ್ರಿಗೆ ಬಿಟ್ರೆ ಇನ್ನೊಬ್ರು ಕೇಳ್ತಾರೆ. ಟೈಮ್ ಅಂದ್ರೆ ಟೈಮ್!"

ಮಾರ್ಜ್ ಅದನ್ನು ಹಾಗೇ ಬರೆದುಕೊಂಡಳು, ಎಲ್ಲರೂ ಸಹಿ ಹಾಕಿದರು. ಇಷ್ಟು ಕಟ್ಟುನಿಟ್ಟಿನ ಮನುಷ್ಯ ಇರುವಾಗ ಬೇರೆ ಯಾರಿಗೆ ಕೊಡುವುದೆಂದು ಗಂಟೆಯನ್ನೂ ಅವನಿಗೇ ಕೊಟ್ಟರು. ದನದ ಕೊರಳಿನ ಹಿತ್ತಾಳೆ ಗಂಟೆ ಅದು. ಡೆಲ್ಬರ್ಟ್ ಅದನ್ನು ಒಂದು ಸೆಕೆಂಡೂ ಆಚೀಚೆ ಮಾಡದೆ ಬಾರಿಸತೊಡಗಿದ. ಎರಡೇ ದಿನದಲ್ಲಿ ಎದುರು ಮನೆಯ ಮುದುಕ ಆ ಗಂಟೆ ಕೇಳಿ ಮಾತ್ರೆ ನುಂಗುವುದನ್ನು ರೂಢಿ ಮಾಡಿಕೊಂಡ.

ದಿನಗಳು ಚೆನ್ನಾಗಿಯೇ ಕಳೆದವು. ಬೆಳಗ್ಗೆ ಬಾಣಲೆಯಲ್ಲಿ ಗೆಟ್ಟಾ ಸಾಸೇಜಿನ ಬಿಲ್ಲೆಗಳನ್ನು ಕರಿಯುವ ವಾಸನೆ, ಮಧ್ಯಾಹ್ನ ಇಸ್ಪೀಟು. ಕೆಜಾಯ ಬಂದಾಗ ಇಪ್ಪತ್ಮೂರು ಗುಡಾರಕ್ಕೂ ಒಂದೊಂದೇ ಲೋಟ ಕಾಫಿ ಹೊತ್ತುಕೊಂಡು ಹೋಗುತ್ತಿದ್ದಳು. ಕೊನೆಯವರಿಗೆ ಸಿಗುವ ಹೊತ್ತಿಗೆ ಅದು ತಣ್ಣಗಾಗಿರುತ್ತಿತ್ತು, ಆದರೆ ಒಂದು ತೊಟ್ಟೂ ಚೆಲ್ಲಿರುತ್ತಿರಲಿಲ್ಲ.

ಆದರೆ ಯಾರಿಗೂ ಸುಸ್ತಾಗುವ ಲಕ್ಷಣ ಕಾಣಲಿಲ್ಲ. ಮಳೆ ಬಂತು, ಯಾರೂ ಹೋಗಲಿಲ್ಲ. ಹಿಮದ ಚೂರು ಬಿತ್ತು, ಹೆಚ್ಚು ಕಂಬಳಿ ತರಿಸಿಕೊಂಡರು. ಡೆಲ್ಬರ್ಟ್ ಪ್ರತಿ ಹಾಜರಿಗೂ ಇಪ್ಪತ್ತೆರಡು "ಇದ್ದೀನಿ"ಗಳನ್ನು ಕೇಳಿ ಕೇಳಿ ಒಳಗೊಳಗೇ ಬಾಡಿದ. ಯಾರಿಗಾದರೂ ಸಣ್ಣ ನೆಗಡಿ ಬಂದರೆ ಸಾಕು, ಇವನ ಮುಖ ಅರಳುತ್ತಿತ್ತು. ಅರಳಿದ್ದು ಗೊತ್ತಾಗಿ ನಾಚಿಕೆಯೂ ಆಗುತ್ತಿತ್ತು, ಪಾಪ.

ಒಂಬತ್ತನೇ ನಂಬರಿನವನು ಗ್ರೆಗ್ ನೀಹೌಸ್. ಬಡಗಿ ಕೆಲಸದವನು, ಒಳ್ಳೆಯ ಹುಡುಗ. ಹೆಂಡತಿ ಎರಡನೆಯದಕ್ಕೆ ತುಂಬು ಬಸುರಿ, ಬೇರೆ ಯಾರೂ ದಿಕ್ಕಿಲ್ಲ, ಹಾಗಾಗಿ ಒಬ್ಬನೇ ಹಗಲಿರುಳು ಸಾಲು ಕಾಯುತ್ತಿದ್ದ. ಸೋಮವಾರ, ಅಂದರೆ ಅರ್ಜಿ ಕೊಡುವ ಹಿಂದಿನ ದಿನ, ಬೆಳಗ್ಗೆ ಹತ್ತಕ್ಕೆ ಅವನ ಫೋನು ಬಡಿದುಕೊಂಡಿತು.

"ಹಾಸ್ಕಿನ್ಸ್ ಅವ್ರೇ, ನೋವು ಶುರುವಾಗಿದೆಯಂತೆ! ಬಂದ್ಬಿಡ್ತೀನಿ, ಒಂದರೊಳಗೆ ಬಂದ್ಬಿಡ್ತೀನಿ!"

"ಹೋಗಪ್ಪ ಹೋಗು, ಮೊದ್ಲು ಹೆಂಡ್ತೀನ ನೋಡು."

ಹನ್ನೆರಡಾಯಿತು. ಹನ್ನೆರಡೂವರೆ ಆಯಿತು. ಒಂಬತ್ತನೇ ಗುಡಾರದ ಬಾಗಿಲು ಗಾಳಿಗೆ ಪಟಪಟ ಅನ್ನುತ್ತಿತ್ತು. ಗುಡಾರದವರೆಲ್ಲ ಒಮ್ಮೆ ಆ ಬಾಗಿಲು, ಒಮ್ಮೆ ಡೆಲ್ಬರ್ಟ್‌ನ ಮುಖ ನೋಡತೊಡಗಿದರು. ನೀಹೌಸ್ ತಪ್ಪಿದರೆ ಇಪ್ಪತ್ಮೂರು ಇಪ್ಪತ್ತೆರಡಾಗುತ್ತದೆ, ಕೆಜಾಯಳಿಗೆ ಸೀಟು. ಅದನ್ನು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ಒಂದಕ್ಕೆ ಒಂದು ನಿಮಿಷ ಇದ್ದಾಗ ಡೆಲ್ಬರ್ಟ್ ಗಂಟೆ ಹಿಡಿದು ನಿಂತ. ಆಗಲೇ ಕಂಡದ್ದು. ಹಿಕರಿ ಬೀದಿಯ ತಳದಲ್ಲಿ, ಕೋಟಿಲ್ಲದೆ, ಆಸ್ಪತ್ರೆಯ ನೀಲಿ ಟೋಪಿ ತಲೆಯಲ್ಲೇ ಇಟ್ಟುಕೊಂಡು, ಕೈ ಬೀಸುತ್ತ ನೀಹೌಸ್ ಏರಿನಲ್ಲಿ ಓಡಿ ಬರುತ್ತಿದ್ದ. ಆ ಏರು ಡೆಲ್ಬರ್ಟ್‌ಗೆ ಅಂಗೈಯಷ್ಟು ಪರಿಚಯ. ಓಡಿದರೆ ಎರಡು ನಿಮಿಷ ಬೇಕೇ ಬೇಕು.

"ಒಂದು ಗಂಟೆ ಆಯ್ತು, ಹಾಸ್ಕಿನ್ಸ್ ಅವ್ರೇ," ಎಂದಳು ಮಾರ್ಜ್.

ಡೆಲ್ಬರ್ಟ್ ಗಂಟೆಯನ್ನು ಕಂಕುಳಲ್ಲಿ ಇರುಕಿಕೊಂಡು ನೆಲಕ್ಕೆ ಬಗ್ಗಿದ. "ಒಂದ್ನಿಮಿಷ. ಬೂಟಿನ ಲೇಸ್ ಬಿಚ್ಚಿದೆ."

ಅವನು ಕಟ್ಟಿದ, ಬಿಚ್ಚಿದ, ಮತ್ತೆ ಕಟ್ಟಿದ.

"ಈಗ ಆಯ್ತಾ?"

"ಇನ್ನೊಂದು ಕಾಲಿಂದು ಇದೆಯಲ್ಲಮ್ಮ."

ಅವನ ಬೂಟಿಗೆ ಲೇಸೇ ಇರಲಿಲ್ಲ. ಅದು ಪಕ್ಕದಲ್ಲಿ ಜಿಪ್ಪಿನ ಬೂಟು. ಮಾರ್ಜ್ ಅದನ್ನು ನೋಡಿದಳು, ಎಲ್ಲರೂ ನೋಡಿದರು. ಮಾರ್ಜ್ ಕನ್ನಡಕ ತೆಗೆದು, ಕೋಟಿನ ತುದಿಯಿಂದ ಉಜ್ಜುತ್ತ, "ಬಿಗಿಯಾಗೇ ಕಟ್ಕೊಳ್ಳಿ, ಬಿದ್ದುಗಿದ್ದೀರ," ಎಂದಳು.

ನೀಹೌಸ್ ಹುಲ್ಲಿನ ಮೇಲೆ ಬಂದು ಮಂಡಿಯೂರಿ ಕುಸಿದ ಮೇಲೆ ಡೆಲ್ಬರ್ಟ್ ಎದ್ದು ಗಂಟೆ ಬಾರಿಸಿದ. ಒಂದು ಗಂಟೆ ಎರಡು ನಿಮಿಷ. ಎದುರು ಮನೆಯ ಮುದುಕ ಮಾತ್ರೆ ಕೈಯಲ್ಲಿ ಹಿಡಿದುಕೊಂಡೇ ಹೊರಗೆ ಬಂದು ನಿಂತಿದ್ದ.

"ಹೆಣ್ಣು," ಎಂದ ನೀಹೌಸ್, ಏದುಸಿರು ಬಿಡುತ್ತ. "ಹೆಣ್ಣು ಮಗು ಹಾಸ್ಕಿನ್ಸ್ ಅವ್ರೇ." ಎಂದವನು ಗೊಳೋ ಎಂದು ಅತ್ತ.

ಮರುದಿನ ಬೆಳಗ್ಗೆ ಶಾಲೆಯ ಬಾಗಿಲು ತೆರೆಯಿತು. ಇಪ್ಪತ್ತೆರಡು ಅರ್ಜಿ ಒಳಗೆ ಹೋದವು. ಡೆಲ್ಬರ್ಟ್‌ನ ಅರ್ಜಿಯ ಮೇಲೆ 'ಕಾಯುವವರ ಪಟ್ಟಿ, ಒಂದು' ಎಂದು ಮುದ್ರೆ ಒತ್ತಿ ಕೊಟ್ಟರು. ಅವನು ಗುಡಾರ ಮಡಚಿಕೊಂಡು ಮನೆಗೆ ಬಂದ.

ಯೋಲಾಂಡಾ ಡ್ಯೂಟಿ ಮುಗಿಸಿ ಬಂದು ಅಡುಗೆಮನೆಯಲ್ಲಿ ಕಾಯುತ್ತಿದ್ದಳು. ನಡೆದದ್ದನ್ನು ಅವನು ಮುಚ್ಚುಮರೆಯಿಲ್ಲದೆ ಹೇಳಿದ.

"ಏನಂದೆ? ಕೈಗೆ ಬಂದ ಸೀಟನ್ನ ಬಿಟ್ಯಾ?" ಅವಳ ದನಿ ಏರಿತು. "ಯಾರೋ ಏನೋ ಅಪ್ಪ ಅವನು! ಜೀವಮಾನದಲ್ಲಿ ಯಾರಿಗೂ ಕಾಯದವನು ನನ್ನ ಮಗಳ ಸೀಟಿನ ಸಮಯಕ್ಕೇ ಧರ್ಮರಾಯ ಆಗ್ಬೇಕಿತ್ತಾ?"

"ಓಡಿ ಬರ್ತಿದ್ದ ಕಣೇ," ಎಂದ ಡೆಲ್ಬರ್ಟ್. "ಕೈ ಬೀಸ್ಕೊಂಡು ಓಡಿ ಬರ್ತಿದ್ದ."

ಪಾತ್ರೆ ತೊಳೆಯುತ್ತಿದ್ದ ಅರ್ನೆಸ್ಟೀನ್ ನೀರಿನ ನಲ್ಲಿ ನಿಲ್ಲಿಸಿದಳು.

"ಅವತ್ತು ನಾನು ನಿನ್ನನ್ನ ನೋಡಿದ್ದೆ ಮಗಳೇ," ಎಂದ ಅವನು. "ಬಸ್ಸಿನ ಕನ್ನಡೀಲಿ. ನೋಡಲಿಲ್ಲ ಅಂತ ಸುಳ್ಳು ಹೇಳ್ದೆ. ನೋಡಿದ್ದೆ."

"ಗೊತ್ತು," ಎಂದಳು ಯೋಲಾಂಡಾ. "ಕನ್ನಡೀಲಿ ನಿನ್ನ ಕಣ್ಣು ನನಗೂ ಕಂಡಿತ್ತಪ್ಪ."

ಇಪ್ಪತ್ತು ವರ್ಷ ಅವಳು ಅದನ್ನು ಯಾರ ಮುಂದೆಯೂ ಎತ್ತಿರಲಿಲ್ಲ. ಈಗಲೂ ಹೆಚ್ಚು ಎತ್ತಲಿಲ್ಲ. ಅಪ್ಪನ ಎದುರು ಕುರ್ಚಿ ಎಳೆದು ಕೂತು, ತಟ್ಟೆಯನ್ನು ಅವನ ಕಡೆ ದೂಡಿ, "ತಿನ್ನು, ಆರಿಹೋಗ್ತಿದೆ. ಹದಿನೈದು ದಿನದಿಂದ ಸ್ನಾನ ಬೇರೆ ಇಲ್ಲ ಅನ್ಸತ್ತೆ, ನಾರ್ತಿದ್ದೀಯ," ಎಂದಳು. ಹೇಳುತ್ತ ಹೇಳುತ್ತ ಅವಳ ಕಣ್ಣು ತುಂಬಿತು. ಅವನು ತಲೆ ಬಗ್ಗಿಸಿ ತಿಂದ.

ಆಗಸ್ಟ್ ಕೊನೆಯಲ್ಲಿ, ಶಾಲೆ ಶುರುವಾಗಿ ಎಂಟು ದಿನ ಕಳೆದ ಮೇಲೆ ಶಾಲೆಯಿಂದ ಫೋನು ಬಂತು. ಒಂದು ಕುಟುಂಬ ಕೊಲಂಬಸ್‌ಗೆ ವರ್ಗವಾಗಿ ಹೋಗಿತ್ತು. ಅರ್ನೆಸ್ಟೀನ್ ಫೋನಿಟ್ಟವಳೇ ಕೂಗಿದ ಕೂಗಿಗೆ ಪಕ್ಕದ ಮನೆಯವರು ಬೆಂಕಿ ಬಿತ್ತೆಂದು ಓಡಿ ಬಂದರು.

ಅಕ್ಟೋಬರಿನಲ್ಲಿ ಡೆಲ್ಬರ್ಟ್ ತರಗತಿ ನೋಡಲು ಹೋದ. ಮನೆಯವರು ಬಂದು ನೋಡುವುದಕ್ಕೆಂದೇ ಅಲ್ಲಿ ಮೂಲೆಯಲ್ಲಿ ಒಂದು ಪುಟ್ಟ ಕುರ್ಚಿ ಇಟ್ಟಿರುತ್ತಾರೆ. ಮಾತಾಡುವಂತಿಲ್ಲ, ಮಗುವಿಗೆ ಸಹಾಯ ಮಾಡುವಂತಿಲ್ಲ. ಡೆಲ್ಬರ್ಟ್ ಮಂಡಿಯನ್ನು ಗಲ್ಲಕ್ಕೆ ಒತ್ತಿಕೊಂಡು ಕೂತ. ಕೆಜಾಯ ಅವನ ಎದುರಿಗೇ ಇದ್ದ ಟೇಬಲ್ ತೊಳೆಯುತ್ತಿದ್ದಳು. ಎಡಮೂಲೆಯಿಂದ ಶುರು, ಸುತ್ತ ಸುತ್ತ ಬ್ರಷ್ಷು, ಆಮೇಲೆ ನೊರೆಯನ್ನು ನೋಡುವುದು, ನೊರೆಯ ಜೊತೆ ನಾಲ್ಕು ಮಾತು, ಆಮೇಲೆ ಬಟ್ಟೆ. ಊಟದ ಹೊತ್ತಾಯಿತು. ಮಕ್ಕಳೆಲ್ಲ ಕೈ ತೊಳೆದು ಬಾಗಿಲ ಬಳಿ ನಿಂತರು. ಡೆಲ್ಬರ್ಟ್ ಗಡಿಯಾರ ನೋಡಿದ. ಹನ್ನೊಂದು ನಲವತ್ತು, ಹನ್ನೊಂದು ನಲವತ್ತೆರಡು. ಅವನಿಗೇ ಚಡಪಡಿಕೆ ಶುರುವಾಯಿತು. ಈಗ ಬೈಯುತ್ತಾರೆ ಎಂದುಕೊಂಡ.

ಟೀಚರು ಬೈಯಲಿಲ್ಲ. ಬಾಗಿಲ ಬಳಿ ನಿಂತು, ಕೈಕಟ್ಟಿಕೊಂಡು, ಕೆಜಾಯಳ ಕಡೆ ನೋಡುತ್ತ ಕಾದರು. ಇಪ್ಪತ್ತು ಮಕ್ಕಳೂ ಕಾದವು. ಇಷ್ಟು ಸುಲಭವಾಗಿತ್ತು ಅದು. ಡೆಲ್ಬರ್ಟ್‌ಗೆ ಹಿಂದಿನ ಬೆಂಚಿನ ಪುಟ್ಟ ಯೋಲಾಂಡಾ ನೆನಪಾದಳು. ಕನ್ನಡಿಯಲ್ಲಿ ಚಿಕ್ಕದಾಗುತ್ತ ಹೋದ ಯೋಲಾಂಡಾ ನೆನಪಾದಳು. ಅವನಿಗೆ ತಡೆಯಲಾಗಲಿಲ್ಲ, ಅಷ್ಟು ದೊಡ್ಡ ಆಳು ಅಷ್ಟು ಚಿಕ್ಕ ಕುರ್ಚಿಯಿಂದ ಮುಂದಕ್ಕೆ ಬಗ್ಗಿ, ಆ ಟೇಬಲಿನ ಮೇಲೆ ಮೊಣಕೈಯೂರಿ, ಮುಖ ಮುಚ್ಚಿಕೊಂಡು ಅತ್ತುಬಿಟ್ಟ.

ಕೆಜಾಯ ಬಟ್ಟೆ ಹಿಡಿದುಕೊಂಡು ಹತ್ತಿರ ಬಂದು, ಅವನ ಮೊಣಕೈಯನ್ನು ಮೆಲ್ಲಗೆ ಎತ್ತಿ ಕೆಳಗೆ ಇಳಿಸಿದಳು.

"ತಾತ, ಅಳೋದಾದ್ರೆ ಆ ಕಡೆ ತಿರುಗಿ ಅಳು," ಎಂದು ಪಿಸುಗುಟ್ಟಿದಳು. "ಈ ಟೇಬಲ್ ನಾನು ಆಗ್ಲೇ ಒರೆಸಿ ಆಗಿದೆ."