ಶಿವಲೀಲಾ ಅಂಟಿಸಿದ ಬಿಂದಿ

ಟುಕು ಟುಕು ಟುಕು ಟುಕು, ಆಮೇಲೆ ಒಂದು ಉದ್ದನೆಯ ‘ಪೀಂ’. ಈ ಸದ್ದನ್ನು ಅಕ್ಷರದಲ್ಲಿ ಬರೆದು ತೋರಿಸುವುದು ಕಷ್ಟ. ಮೊದಲನೆಯದು ಒಬ್ಬ ಹೆಂಗಸು ಚಪ್ಪಲಿ ಮೆಟ್ಟಿಕೊಂಡು ಅವಸರವಾಗಿ ನಡೆಯುವ ಸದ್ದು, ಎರಡನೆಯದು ಪೀಣ್ಯದ ಫ್ಯಾಕ್ಟರಿಯ ಮಧ್ಯಾಹ್ನದ ಸೈರನ್. ಎರಡನ್ನೂ ಒಂದು ಟಿವಿಯೊಳಗಿಂದ ಹೊರಡಿಸಿದವಳು ನನ್ನ ಗೆಳತಿ ಶಿವಲೀಲಾ. ಟಿವಿಗೆ ವೈರ್ ಚುಚ್ಚಿ ಆಡುವ ವಿಡಿಯೋ ಗೇಮುಗಳು ಆಗಿನ್ನೂ ನಮಗೆಲ್ಲ ಹೊಸತು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ದೆವ್ವ ಕಂಡೆ, ಸತ್ತವರು ಬಂದರು ಎಂದು ಕತೆ ಹೇಳುವವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ನಾನು ಓದಿದ್ದು ಕಾನ್ವೆಂಟಿನಲ್ಲಿ. ಹೋಲಿ ಗೋಸ್ಟ್ ಒಂದನ್ನು ಬಿಟ್ಟರೆ ಬೇರೆ ಯಾವ ಗೋಸ್ಟೂ ಇಲ್ಲ ಎಂದು ನಮ್ಮ ಸಿಸ್ಟರುಗಳು ಕಟ್ಟುನಿಟ್ಟಾಗಿ ಕಲಿಸಿದ್ದರು. ಯಾರಾದರೂ ಇಂಥ ಕತೆ ಶುರು ಮಾಡಿದರೆ ‘ನಾನ್ಸೆನ್ಸ್’ ಎಂದು ಎದ್ದು ಹೋಗುತ್ತಿದ್ದೆ. ಈಗ ನನ್ನ ಬಳಿಯೇ ಒಂದು ಕತೆ ಇದೆ. ಹೇಳಿದರೆ ಯಾರೂ ಎದ್ದು ಹೋಗುವುದಿಲ್ಲ, ಪಾಪ ಎನ್ನುವ ಹಾಗೆ ತಲೆಯಾಡಿಸುತ್ತಾರೆ. ಎದ್ದು ಹೋದರೇ ವಾಸಿ ಅನ್ನಿಸುತ್ತದೆ.

ಪೀಣ್ಯ ಸೆಕೆಂಡ್ ಸ್ಟೇಜಿನಲ್ಲಿ ಒಂದು ಚಿಕ್ಕ ಕಂಪನಿ ಇತ್ತು. ಹೊರದೇಶದ ಟಿವಿ ಗೇಮುಗಳನ್ನು ತರಿಸಿ, ಡಬ್ಬಿಯ ಮೇಲೆ ತಮ್ಮ ಹೆಸರು ಹಾಕಿ ಮಾರುತ್ತಿದ್ದರು. ನನ್ನ ಕಾನ್ವೆಂಟ್ ಇಂಗ್ಲಿಷಿಗೆ ಅಲ್ಲಿ ಕೆಲಸ ಸಿಕ್ಕಿತು. ಗೇಮಿನ ಜೊತೆ ಕೊಡುವ ಪುಟ್ಟ ಮ್ಯಾನ್ಯುಯಲ್ ಬರೆಯುವುದು. ಬರೆಯಬೇಕಾದರೆ ಆಡಿ ನೋಡಬೇಕಲ್ಲ, ಹಾಗಾಗಿ ಇಡೀ ದಿನ ಕೂತು ಆಡುವುದು. ಬಂಧುಗಳ ಮದುವೆ ಮನೆಯಲ್ಲಿ ಹೇಳಿಕೊಳ್ಳುವಂಥ ಕೆಲಸವಾಗಿರಲಿಲ್ಲ. ಶಿವಲೀಲಾ ಅಲ್ಲಿ ಎಂಜಿನಿಯರ್, ದಾವಣಗೆರೆ ಕಡೆಯವಳು, ನನಗಿಂತ ಚಿಕ್ಕವಳು. ಹಣೆಯ ಮೇಲೆ ವಿಭೂತಿಯ ಗೆರೆ, ಅದರ ಕೆಳಗೆ ಮೆರೂನ್ ಬಣ್ಣದ ದೊಡ್ಡ ಸ್ಟಿಕರ್ ಬಿಂದಿ. ಬಿಂದಿ ಇಲ್ಲದ ಅವಳ ಮುಖವನ್ನು ಒಂದೇ ಸಲ ನೋಡಿದ್ದೇನೆ, ಅದನ್ನು ಕಡೆಯಲ್ಲಿ ಹೇಳುತ್ತೇನೆ.

ಬೇರೆಯವರ ಗೇಮಿಗೆ ಹೆಸರು ಬದಲಾಯಿಸುವುದು ಸಾಕಾಗಿ ಅವಳು ತಾನೇ ಒಂದು ಗೇಮ್ ಬರೆದಳು. ದಾಸರಹಳ್ಳಿಯ ಮನೆಯಿಂದ ಒಬ್ಬ ಹೆಂಗಸು ಊಟದ ಕ್ಯಾರಿಯರ್ ಹಿಡಿದು ಹೊರಡುತ್ತಾಳೆ. ಲಾರಿ, ನಾಯಿ, ಬಾಯಿ ತೆರೆದ ಚರಂಡಿ ಎಲ್ಲವನ್ನೂ ತಪ್ಪಿಸಿಕೊಂಡು ಊಟದ ಹೊತ್ತಿಗೆ ಫ್ಯಾಕ್ಟರಿ ಗೇಟು ಸೇರಬೇಕು. ಸೇರಿದರೆ ಪೀಂ ಎಂದು ಸೈರನ್ ಆಗುತ್ತದೆ, ಮತ್ತೆ ಅದೇ ದಾರಿ, ಲಾರಿಗಳು ಇನ್ನೂ ಜೋರು. ಆ ಹೆಂಗಸು ಯಾವಾಗಲೂ ನಮಗೆ ಬೆನ್ನು ಹಾಕಿಯೇ ನಡೆಯುತ್ತಿದ್ದಳು. ಮುಖ ಯಾಕೆ ಮಾಡಿಲ್ಲ ಎಂದು ಕೇಳಿದ್ದೆ.

“ಚಿಪ್‌ನಾಗೆ ಜಾಗ ಎಲ್ಲೈತಿ ಅಕ್ಕಾ? ಮುಖ ಬೇಕಂದ್ರೆ ನಾಯಿ ತೆಗೀಬೇಕಾಗ್ತೈತಿ.”

ನಾಯಿ ಇರಲಿ ಎಂದು ಇಬ್ಬರೂ ತೀರ್ಮಾನ ಮಾಡಿದೆವು.

ಓನರ್ ಎರಡು ನಿಮಿಷ ನೋಡಿ, ಗನ್ ಇಲ್ಲ, ಟ್ಯಾಂಕ್ ಇಲ್ಲ, ಸಾರು ಹೊತ್ತುಕೊಂಡು ಹೋಗುವ ಗೇಮನ್ನು ಯಾರಮ್ಮ ಕೊಳ್ಳುತ್ತಾರೆ ಎಂದರು. ಹಾಗೆ ಅದು ಮಾರ್ಕೆಟ್ಟಿಗೆ ಬರಲೇ ಇಲ್ಲ. ನಮೂನೆಗೆಂದು ಮಾಡಿದ ಒಂದೇ ಒಂದು ಬೋರ್ಡಿನಲ್ಲಿ, ಒಂದೇ ಒಂದು ಚಿಪ್ಪಿನಲ್ಲಿ ಉಳಿಯಿತು. ಆ ಕಾಲದ ಅಂಥ ಚಿಪ್ಪಿನ ಮೈಮೇಲೆ ಒಂದು ಪುಟ್ಟ ಗಾಜಿನ ಕಿಟಕಿ ಇರುತ್ತಿತ್ತು. ಅದರ ಮೂಲಕ ಬಿಸಿಲು ಬಿದ್ದರೆ ಒಳಗೆ ಬರೆದದ್ದು ಮೆಲ್ಲಗೆ ಅಳಿಸಿಹೋಗುತ್ತದೆ. ಅದಕ್ಕೇ ಕಿಟಕಿಯ ಮೇಲೆ ಒಂದು ಸ್ಟಿಕರ್ ಅಂಟಿಸಿಡಬೇಕು. ಕಂಪನಿ ಮುಚ್ಚಿದ ದಿನ ಸಾಮಾನೆಲ್ಲ ರಟ್ಟಿನ ಡಬ್ಬಿಗೆ ತುಂಬುತ್ತಿದ್ದಾಗ ಈ ಚಿಪ್ಪಿನ ಸ್ಟಿಕರ್ ಕಿತ್ತುಬಂದಿತ್ತು. ಬೇರೆ ಸ್ಟಿಕರ್ ಸಿಗಲಿಲ್ಲ. ಶಿವಲೀಲಾ ತನ್ನ ಹಣೆಯ ಬಿಂದಿ ತೆಗೆದು ಆ ಕಿಟಕಿಗೆ ಅಂಟಿಸಿ, ಹೆಬ್ಬೆರಳಿನಿಂದ ಒತ್ತಿದಳು. ಆ ಡಬ್ಬಿ ಗುಜರಿಗೆ ಹೋಯಿತು.

ಮಗಳು ಅಕ್ಷತಾ ಇನ್ನೂ ಮಾತು ಕಲಿಯುತ್ತಿರುವಾಗಲೇ ಶಿವಲೀಲಾ ಜ್ವರ ಬಂದು ತೀರಿಕೊಂಡಳು. ಅಕ್ಷತಾ ದಾವಣಗೆರೆಯಲ್ಲಿ ಅಜ್ಜಿಯ ಮನೆಯಲ್ಲಿ ಬೆಳೆದು, ಈಗ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಪ್ರೋಗ್ರಾಂ ಬರೆಯುವ ಕೆಲಸದಲ್ಲಿದ್ದಾಳೆ. ನನ್ನ ವಿಳಾಸ ಹುಡುಕಿಕೊಂಡು ಮನೆಗೆ ಬಂದ ಮೊದಲ ಸಲವೇ, ಅಮ್ಮ ಯಾವುದೋ ಕಂಪನಿಯಲ್ಲಿ ಟೈಪಿಂಗ್ ಮಾಡುತ್ತಿದ್ದರಂತೆ ಹೌದಾ ಆಂಟಿ ಎಂದು ಕೇಳಿದಳು. ನನಗೆ ರೇಗಿಹೋಯಿತು. ಕೀಬೋರ್ಡ್ ಮುಂದೆ ಕೂತಿದ್ದ ಹೆಂಗಸು ಎಂದರೆ ಟೈಪಿಸ್ಟ್ ಎಂದು ಮನೆಯವರು ತಿಳಿದುಕೊಂಡಿದ್ದರು. ನಿನ್ನಮ್ಮ ಟೈಪಿಸ್ಟ್ ಅಲ್ಲ, ನೀನು ಈಗ ಮಾಡುತ್ತಿರುವುದನ್ನು ನಿನಗಿಂತ ಮೊದಲೇ ಮಾಡಿದವಳು ಎಂದೆ. ಹುಡುಗಿ ನಕ್ಕಳು. ನಂಬಬೇಕೆಂಬ ಆಸೆ ಇತ್ತು, ಆದರೆ ನಾನು ಸಮಾಧಾನಕ್ಕೆ ಹೇಳುತ್ತಿದ್ದೇನೆ ಎಂಬ ಅನುಮಾನವೂ ಆ ನಗುವಿನಲ್ಲಿತ್ತು. ಆ ಗೇಮನ್ನು ಅವಳ ಕಣ್ಣಿಗೆ ತೋರಿಸಲೇಬೇಕು ಎನ್ನುವ ಹಟ ನನಗೆ ಹಿಡಿದದ್ದು ಆಗ.

ಫೇಸ್‌ಬುಕ್ಕಿನಲ್ಲಿ ಹಳೇ ಗೇಮು ಕೂಡಿಡುವವರ ಒಂದು ಗ್ರೂಪ್ ಇದೆ. ಅಲ್ಲಿ ಎರಡು ಪಂಗಡ. ಎಂದೂ ಬಿಡುಗಡೆಯಾಗದ ಗೇಮ್ ಕೈಗೆ ಸಿಕ್ಕರೆ ಕಾಪಿ ತೆಗೆದು ಎಲ್ಲರಿಗೂ ಹಂಚಬೇಕು ಎನ್ನುವವರು ಕೆಲವರು. ಇರುವುದೊಂದು, ಅದು ನನ್ನ ಬಳಿ ಮಾತ್ರ ಇರಲಿ ಎನ್ನುವವರು ಇನ್ನು ಕೆಲವರು. ಎರಡು ವರ್ಷದ ಹಿಂದೆ ಆ ಗ್ರೂಪಿನಲ್ಲಿ ಒಂದು ಫೋಟೋ ಬಂತು. ಹಸಿರು ಬೋರ್ಡು, ಅದರ ಮೇಲೊಂದು ಚಿಪ್, ಚಿಪ್ಪಿನ ನೆತ್ತಿಯ ಮೇಲೆ ಮೆರೂನ್ ಬಿಂದಿ. ನನ್ನ ಕೈಯಲ್ಲಿದ್ದ ಕಾಫಿ ಸೆರಗಿನ ಮೇಲೆ ಚೆಲ್ಲಿತು.

ಫೋಟೋ ಹಾಕಿದವನು ಪ್ರಣವ್ ಎಂಬ ವೈಟ್‌ಫೀಲ್ಡಿನ ಹುಡುಗ. ಸಂಡೇ ಬಜಾರಿನ ಗುಜರಿಯಲ್ಲಿ ಸಿಕ್ಕಿತಂತೆ. ಬಹಳ ಮರ್ಯಾದಸ್ಥ, ಆಂಟಿ ಆಂಟಿ ಎಂದು ಮಾತಾಡುತ್ತಿದ್ದ. ಆದರೆ ಕಾಪಿ ತೆಗೆಯಲು ಮಾತ್ರ ಒಪ್ಪ. ನಾನು ಕೇಳಿದೆ, ಗ್ರೂಪಿನವರು ಬೈದರು. ಎಷ್ಟು ತಿಂಗಳು ಬೇಡಿಕೊಂಡೆ ಎಂದು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಕಾಪಿ ಕೊಡಬೇಡಪ್ಪ, ಅವಳ ಮಗಳು ಒಂದು ಸಲ ನೋಡಿದರೆ ಸಾಕು ಎಂದೆ. ನೋಡೋಣ ಆಂಟಿ, ನೋಡೋಣ ಆಂಟಿ. ಕಡೆಗೆ ನಾನೇ ನಾಗಸಂದ್ರದಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಬದಲಾಯಿಸಿ, ವೈಟ್‌ಫೀಲ್ಡಿನ ಅವನ ಫ್ಲ್ಯಾಟಿಗೆ ಹೋದೆ.

ಬೋರ್ಡನ್ನು ಬಾಲ್ಕನಿಯ ಪಕ್ಕ ಗಾಜಿನ ಶೋಕೇಸಿನಲ್ಲಿ ದೇವರ ಹಾಗೆ ಇಟ್ಟಿದ್ದ. ಮಧ್ಯಾಹ್ನದ ಬಿಸಿಲು ನೇರ ಅದರ ಮೇಲೆ. ಬಿಂದಿ ಇರಲಿಲ್ಲ.

“ಅದರ ಮೇಲಿದ್ದ ಬಿಂದಿ ಎಲ್ಲಪ್ಪಾ?”

“ಅದಾ ಆಂಟಿ? ಯಾರೋ ಅಂಟಿಸಿಬಿಟ್ಟಿದ್ರು. ಫೋಟೋ ಆದ್ಮೇಲೆ ನೀಟಾಗಿ ಕ್ಲೀನ್ ಮಾಡ್ದೆ. ನೋಡಿ, ಈಗ ಗ್ಲಾಸ್ ಒಳಗೆ ಸಕ್ಕತ್ತಾಗಿ ಕಾಣ್ಸುತ್ತೆ.”

ಆ ಬಿಂದಿ ಅಲ್ಲಿ ಯಾಕಿತ್ತು ಎಂದು ಅವನಿಗೆ ಹೇಳಿದೆ. ಅವನು ಅಲ್ಲಿಯವರೆಗೆ ಕೂಡಿಟ್ಟದ್ದೆಲ್ಲ ಅಂಗಡಿಗೆ ಬಂದ ಗೇಮುಗಳು, ಕಿಟಕಿ ಇರುವ ಚಿಪ್ ಅವನ ಕೈಗೆ ಬಂದದ್ದು ಅದೇ ಮೊದಲು. ನಾನು ಹೇಳಿದ್ದನ್ನು ಕೇಳಿ ಅವನ ಮುಖ ಬಿಳಿಚಿಕೊಂಡಿತು. ಅವತ್ತೇ ಯಾರಿಂದಲೋ ಚಿಪ್ ಓದುವ ಮಷೀನ್ ತರಿಸಿ ನೋಡಿದ. ಮೊದಲಿಂದ ಕೊನೆಯವರೆಗೆ ಖಾಲಿ. ಸಿಕ್ಕ ದಿನವೇ ಹಂಚಿದ್ದರೆ ಆ ಗೇಮ್ ಇವತ್ತು ಎಷ್ಟೋ ಮನೆಗಳಲ್ಲಿ ಇರುತ್ತಿತ್ತು. ತನ್ನೊಬ್ಬನದೇ ಆಗಿರಲಿ ಎಂದು ಇಟ್ಟುಕೊಂಡ, ಅವನದೂ ಆಗಲಿಲ್ಲ. ಮರುವಾರ ತಾನಾಗಿಯೇ ನಮ್ಮ ಮನೆಗೆ ಬಂದು ಬೋರ್ಡನ್ನು ನನ್ನ ಕೈಗಿಟ್ಟ. “ಇಟ್ಕೊಳ್ಳಿ ಆಂಟಿ. ಇನ್ನು ನಂಗ್ಯಾಕೆ?” ಅಂದ. ಬೈಯಬೇಕೆಂದು ಮಾತುಗಳನ್ನು ಜೋಡಿಸಿಟ್ಟುಕೊಂಡಿದ್ದೆ. ಕಾಫಿ ಮಾಡಿಕೊಟ್ಟು ಕಳಿಸಿದೆ.

ಅಕ್ಷತಾಳಿಗೆ ಶನಿವಾರ ಬಾ ಎಂದು ಮೊದಲೇ ಹೇಳಿಬಿಟ್ಟಿದ್ದೆ. ಚಿಪ್ ಖಾಲಿಯಾಗಿದೆ ಎಂದು ಫೋನಿನಲ್ಲಿ ಹೇಳುವ ಧೈರ್ಯ ಬರಲಿಲ್ಲ. ಬರಲಿ, ಬೋರ್ಡನ್ನಾದರೂ ಕೈಯಲ್ಲಿ ಹಿಡಿಯಲಿ ಎಂದುಕೊಂಡೆ. ಸಂಜೆಯಾಗುತ್ತಿತ್ತು, ಹೊರಗೆ ಇನ್ನೂ ಬೆಳಕಿತ್ತು. ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದೇನೆ ಆಂಟಿ, ಲೇಟಾಗುತ್ತದೆ ಎಂದು ಮೆಸೇಜ್ ಬಂದಿತ್ತು. ಕಾಯುತ್ತಾ ಕೂತವಳಿಗೆ ಚಿಪ್ಪಿನ ಆ ಬತ್ತಲೆ ಗಾಜನ್ನು ನೋಡಲಾಗಲಿಲ್ಲ. ಬಚ್ಚಲುಮನೆಯ ಕನ್ನಡಿಗೆ ನಾನು ಅಂಟಿಸಿಟ್ಟಿದ್ದ ಬಿಂದಿಗಳಲ್ಲಿ ಒಂದನ್ನು ತಂದು ಅದರ ಮೇಲೆ ಒತ್ತಿದೆ. ಬೋರ್ಡು ಸಿಕ್ಕಿಸಿ ಆಡುವ ಕಂಪನಿಯ ಹಳೇ ಗೇಮ್ ಡಬ್ಬಿ, ನಮ್ಮ ದಪ್ಪ ಟಿವಿ, ಎರಡನ್ನೂ ಅಕ್ಷತಾಳಿಗಾಗಿ ಲಾಫ್ಟಿನಿಂದ ಇಳಿಸಿ ಜೋಡಿಸಿಟ್ಟಿದ್ದೆ. ಬೋರ್ಡನ್ನು ಡಬ್ಬಿಗೆ ಸಿಕ್ಕಿಸಿ ಸ್ವಿಚ್ ಹಾಕಿದೆ. ಖಾಲಿ ಎಂದು ಗೊತ್ತಿತ್ತು.

ಟುಕು ಟುಕು ಟುಕು ಟುಕು.

ದಾಸರಹಳ್ಳಿಯ ಮನೆ. ಬಾಗಿಲಲ್ಲಿ ಕ್ಯಾರಿಯರ್ ಹಿಡಿದ ಹೆಂಗಸು, ನನಗೆ ಬೆನ್ನು ಹಾಕಿಕೊಂಡು. ಲಾರಿ ಬಂತು. ಯೋಚನೆ ಮಾಡುವುದಕ್ಕೆ ಮೊದಲೇ ನನ್ನ ಕೈ ಜಾಯ್‌ಸ್ಟಿಕ್ ಹಿಡಿದು ಅವಳನ್ನು ಪಕ್ಕಕ್ಕೆ ಸರಿಸಿತ್ತು. ನಾಯಿ ಎಲ್ಲಿ ಬರುತ್ತದೆ, ಚರಂಡಿ ಎಲ್ಲಿ ಬಾಯಿ ತೆರೆದಿದೆ, ಎಲ್ಲ ನನ್ನ ಬೆರಳಿಗೆ ನೆನಪಿತ್ತು. ನನಗೆ ಭಯವಾಗಲಿಲ್ಲ. ಅಕ್ಷತಾ ಬರುವವರೆಗೆ ಹೇಗಾದರೂ ಇದನ್ನು ಉಳಿಸಿಕೊಳ್ಳಬೇಕು ಎನ್ನುವುದೊಂದೇ ತಲೆಯಲ್ಲಿತ್ತು. ಫೋನು ರೂಮಿನಲ್ಲಿ ಚಾರ್ಜಿಗೆ ಹಾಕಿದ್ದೆ. ವಿಡಿಯೋ ತೆಗೆಯಬೇಕೆಂದರೆ ಎದ್ದು ಹೋಗಬೇಕು, ಕೈ ಬಿಟ್ಟರೆ ಅವಳು ರಸ್ತೆ ಮಧ್ಯ ನಿಂತುಬಿಡುತ್ತಾಳೆ, ಲಾರಿ ಬರುತ್ತದೆ. ಅಷ್ಟರಲ್ಲಿ ಫೋನ್ ಹೊಡೆದುಕೊಂಡಿತು. ಹೊಡೆದುಕೊಳ್ಳುತ್ತಲೇ ಇತ್ತು. ಅಕ್ಷತಾಳದೇ ಎಂದು ಗೊತ್ತು. ನಾನು ಏಳಲಿಲ್ಲ.

ಗೇಟು ಬಂತು. ಪೀಂ ಎಂದು ಸೈರನ್ ಆಯಿತು. ಇಲ್ಲಿ ಗೇಮ್ ಮತ್ತೆ ಮೊದಲಿಂದ ಶುರುವಾಗಬೇಕಿತ್ತು. ಆಗಲಿಲ್ಲ. ಹೆಂಗಸು ಕ್ಯಾರಿಯರನ್ನು ಗೇಟಿನ ಬಳಿ ಇಳಿಸಿ ನನ್ನ ಕಡೆ ತಿರುಗಿದಳು. ಮುಖ ಎಂದರೆ ಏನು, ಒಂದಷ್ಟು ಚೌಕಗಳು, ಅಷ್ಟೆ. ಎರಡು ಕಣ್ಣು, ಹಣೆಯ ಮೇಲೆ ಅಡ್ಡಕ್ಕೊಂದು ಬಿಳಿ ಗೆರೆ. ಗೆರೆಯ ಕೆಳಗೆ ಏನೂ ಇಲ್ಲ. ನಾನು ಉಸಿರು ಬಿಡುವಷ್ಟು ಹೊತ್ತು ಹಾಗೇ ನೋಡುತ್ತಿದ್ದಳು. ಆಮೇಲೆ ಟಿವಿ ತುಂಬ ಬೂದು ಚುಕ್ಕೆ, ಸರಬರ ಸದ್ದು. ಸ್ವಿಚ್ ಆರಿಸಿ ಹಾಕಿದೆ, ಬೋರ್ಡ್ ತೆಗೆದು ಸಿಕ್ಕಿಸಿದೆ, ಬಿಂದಿಯನ್ನು ಒತ್ತಿ ಒತ್ತಿ ನೋಡಿದೆ. ಬರೀ ಚುಕ್ಕೆ.

ಬಾಗಿಲ ಬೆಲ್ ಆದಾಗ ನಾನಿನ್ನೂ ನೆಲದ ಮೇಲೇ ಕೂತಿದ್ದೆ. ಅಕ್ಷತಾ ಬೇರೆ ಬ್ಲಾಕಿನ ಗೇಟಿಗೆ ಹೋಗಿ, ದಾರಿ ಕೇಳಲು ಫೋನ್ ಮಾಡಿದ್ದಳಂತೆ. ಎಲ್ಲವನ್ನೂ ಹೇಳಿದೆ. ಅವಳು ನನ್ನ ಕೈ ಹಿಡಿದುಕೊಂಡು, ಚಿಕ್ಕ ಮಗುವಿನ ಮಾತು ಕೇಳುವ ಹಾಗೆ ಕೇಳಿದಳು. ಮುಖದ ವಿಷಯ ಬಂದಾಗ ಮಾತ್ರ ತಡೆದಳು.

“ಆಂಟಿ, ಅಮ್ಮನ ಎಲ್ಲಾ ಫೋಟೋದಲ್ಲೂ ದೊಡ್ಡ ಬಿಂದಿ ಇದೆ. ಅಮ್ಮ ತನ್ನ ಮುಖ ತಾನೇ ಬರೆದಿದ್ರೆ ಅದನ್ನ ಬಿಡ್ತಿದ್ರಾ?”

ಅದಕ್ಕೇ ಕಣೆ ನಾನು ಹೇಳುತ್ತಿರುವುದು ಎಂದೆ. ಬಿಂದಿ ಚಿಪ್ಪಿಗೆ ಹೋದದ್ದು ಕಂಪನಿ ಮುಚ್ಚಿದ ದಿನ. ಗೇಮ್ ಬರೆದು ಮುಗಿದದ್ದು ಅದಕ್ಕೂ ಎಷ್ಟೋ ಮುಂಚೆ. ಬಿಂದಿಯಿಲ್ಲದ ಆ ಹಣೆ ಗೇಮಿನೊಳಗೆ ಇರಲು ಸಾಧ್ಯವೇ ಇಲ್ಲ. ನನಗೆ ಯಾವುದು ಸಾಕ್ಷಿಯೋ ಅದೇ ಅವಳಿಗೆ ಅನುಮಾನವಾಯಿತು. ಊಟ ಮಾಡಿ, ಪಾತ್ರೆ ತೊಳೆದಿಟ್ಟು, ಔಷಧಿ ಸರಿಯಾಗಿ ತೆಗೆದುಕೊಳ್ಳಿ ಆಂಟಿ ಎಂದು ಹೇಳಿ ಹೋದಳು. ಬೋರ್ಡನ್ನು ಮಾತ್ರ ಕರ್ಚೀಫಿನಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡಳು.

ಅಕ್ಷತಾಳಿಂದ ಬೋರ್ಡನ್ನು ಒಂದು ದಿನದ ಮಟ್ಟಿಗೆ ತರಿಸಿಕೊಂಡು, ಪ್ರಣವ್‌ಗೆ ಹೇಳಿ ಆ ಚಿಪ್ಪನ್ನು ಮತ್ತೊಮ್ಮೆ ಮಷೀನಿಗೆ ಹಾಕಿಸಿದೆ. ಖಾಲಿ. ಕಣ್ಣಿನ ಡಾಕ್ಟರಿಗೂ ತೋರಿಸಿಕೊಂಡೆ, ಪೊರೆ ತೆಗೆದ ಕಣ್ಣು ಚೆನ್ನಾಗಿಯೇ ಇದೆ ಎಂದರು. ಆ ಗೇಮನ್ನು ಆಡಿ ಆಡಿ ಸವೆದ ಮಿದುಳು ತಾನೇ ಕಟ್ಟಿಕೊಂಡಿರಬಹುದು ಎಂದು ಎಷ್ಟೋ ಸಲ ನನಗೆ ನಾನೇ ಲೆಕ್ಚರ್ ಕೊಟ್ಟುಕೊಂಡಿದ್ದೇನೆ. ಆದರೆ ಮರುದಿನ ಪಕ್ಕದ ಮನೆಯ ಸರೋಜಮ್ಮ, ನಿನ್ನೆ ಸಾಯಂಕಾಲ ನಿಮ್ಮನೆಯಲ್ಲಿ ಏನದು ಪೀಂ ಅಂತ ಕೂಗಿದ್ದು, ಕುಕ್ಕರ್ ಕೆಟ್ಟಿದೆಯಾ ಎಂದು ಕೇಳಿದ್ದರು. ಅದನ್ನೂ ಅಕ್ಷತಾಳಿಗೆ ಹೇಳಿದೆ. ಕುಕ್ಕರ್ ಒಂದು ಸಲ ರಿಪೇರಿ ಮಾಡಿಸಿಬಿಡಿ ಆಂಟಿ ಎಂದಳು. ಯಾರ ಮೇಲೆ ಸಿಟ್ಟು ಮಾಡಲಿ? ನೋಡಬೇಕಾದವಳು ನೋಡಲಿಲ್ಲ, ನೋಡಿದವಳನ್ನು ಯಾರೂ ನಂಬುವುದಿಲ್ಲ.

ಕಂಪನಿ ಮುಚ್ಚಿದ ಆ ದಿನ ಶಿವಲೀಲಾ, ನಾನು ದಾಸರಹಳ್ಳಿ ಸ್ಟಾಪಿನವರೆಗೆ ನಡೆದೇ ಹೋದೆವು. ಬರೀ ವಿಭೂತಿಯಲ್ಲಿ ಮನೆಗೆ ಹೋದರೆ ಅತ್ತೆ ಏನನ್ನುತ್ತಾರೋ ಎಂದು ನಾನು ಕಾಡಿಸುತ್ತಿದ್ದೆ. ಬಸ್ಸು ಬಂತು. ತುಂಬಿತ್ತು. ಅವಳು ಊಟದ ಕ್ಯಾರಿಯರನ್ನು ಎದೆಗೆ ಅವುಚಿಕೊಂಡು ಜನರ ಮಧ್ಯೆ ನುಗ್ಗಿ ಫುಟ್‌ಬೋರ್ಡ್ ಹತ್ತಿದಳು. ಕ್ಯಾರಿಯರನ್ನು ಕಾಲ ಬಳಿ ಇಳಿಸಿ, ಕಂಬಿ ಹಿಡಿದು, ನನ್ನ ಕಡೆ ತಿರುಗಿದಳು. ಹಣೆಯ ಮೇಲೆ ಅಡ್ಡಕ್ಕೊಂದು ಬಿಳಿ ಗೆರೆ, ಕೆಳಗೆ ಏನೂ ಇಲ್ಲ. ಬಸ್ಸು ಹೊರಟಿತು. ನಾನು ಅವಳನ್ನು ಕಡೆಯ ಸಲ ನೋಡಿದ್ದು ಆವತ್ತು.