ಪೆನ್ನಿನಲ್ಲೇ ಬರೆಯುವ ಅಳತೆಗಾರ

ಬೆಳಗಿನ ಆರು ಗಂಟೆ. ಮನೆಯೊಂದರ ಹಿಂಗೋಡೆ ಒಡೆದು ಮಾಡಿದ ಹತ್ತಡಿ ಅಗಲದ ತೆರಪಿನ ಮುಂದೆ ಕುಕ್ಕರಗಾಲಿನಲ್ಲಿ ಕೂತ ಐವತ್ತೆಂಟರ ವ್ಯಕ್ತಿಯೊಬ್ಬರು ಒಂದು ಲೋಟ ನೀರನ್ನು ನೆಲಕ್ಕೆ ಸುರಿಯುತ್ತಾರೆ. ಅದು ಎತ್ತ ಹರಿಯುತ್ತದೆಂದು ಕಣ್ಣು ಮಿಟುಕಿಸದೆ ನೋಡುತ್ತಾರೆ. ನೀರು ಹಿತ್ತಲಿನ ಕಡೆಗೆ ಹೋಗದೆ ಮನೆಯೊಳಕ್ಕೇ ಬರುತ್ತದೆ. ‘ಗೊತ್ತಿತ್ತು’ ಎಂದು ಗೊಣಗಿ ಜೇಬಿನಿಂದ ಪೆನ್ನು ತೆಗೆಯುತ್ತಾರೆ.

ಹಿತ್ತಲಿಗೆ ತೆರೆಯುವ ಗಾಜಿನ ಬಾಗಿಲುಗಳಿಗೆ ಅಳತೆ ತೆಗೆಯುವುದು, ಚೌಕಟ್ಟು ಕೂರಿಸುವುದು ಇವರ ಇಪ್ಪತ್ತಾರು ವರ್ಷದ ಕಸುಬು. ಹೆಸರು ಹಿಡಿದು ಕರೆಯುವವರು ಯಾರೂ ಇಲ್ಲ. ಕೂದಲೆಳೆಯಷ್ಟು ವ್ಯತ್ಯಾಸಕ್ಕೂ ಜಗಳ ತೆಗೆಯುತ್ತಾರೆಂದು ಇವರು ದುಡಿಯುವ ಬಾಗಿಲಂಗಡಿಯವರು ಇಟ್ಟ ಅಡ್ಡಹೆಸರು ‘ಮಿಲಿಮೀಟರ್’. ದಿನಕ್ಕೆ ಮೂರು ಮನೆ. ಪ್ರತಿ ತೆರಪಿಗೆ ಅಗಲ ಮೂರು ಕಡೆ, ಎತ್ತರ ಮೂರು ಕಡೆ, ಮೂಲೆಯಿಂದ ಮೂಲೆಗೆ ಎರಡು, ಒಟ್ಟು ಎಂಟು ಅಳತೆ. ಆಮೇಲೆ ಎಂಬತ್ತು ಕಿಲೋ ತೂಕದ ಗಾಜನ್ನು ಇಬ್ಬರೇ ಹೊರಬೇಕು. ಎಡಗೈಯ ಎರಡು ಬೆರಳು ಈಗ ಪೂರ್ತಿ ಮಡಚುವುದಿಲ್ಲ. ಅಂಗಡಿಯ ಗೋಡೆಯ ಮೇಲೆ ‘ವರ್ಷದ ಉತ್ತಮ ಕೆಲಸಗಾರ’ ಎಂದು ತೂಗುಹಾಕಿದ ಫೋಟೋ ಮಾತ್ರ ಮಾರಾಟದವನದು. ಅವನು ಗಾಜನ್ನು ಮುಟ್ಟುವುದು ಮುಖ ನೋಡಿಕೊಳ್ಳುವಾಗಷ್ಟೇ.

ಜನ ಬಾಗಿಲನ್ನು ಬಟ್ಟೆ ಆಯ್ದುಕೊಂಡ ಹಾಗೆ ಆಯ್ದುಕೊಳ್ಳುತ್ತಾರೆ. ಬಣ್ಣ ಒಪ್ಪುತ್ತದೋ, ಪಕ್ಕದ ಮನೆಯದ್ದಕ್ಕಿಂತ ಅಗಲವೋ, ಅಷ್ಟೇ. ಮಿಲಿಮೀಟರ್ ಕೇಳುವುದು ಬೇರೆ. ಗಾಳಿಮಳೆ ಎತ್ತಲಿಂದ ಹೊಡೆಯುತ್ತದೆ? ಸೋಫಾ ಎಲ್ಲಿ ಬರುತ್ತದೆ? ಹೊರಗೆ ತೆರೆಯುವ ಬಾಗಿಲು ಗಾಳಿಗೆ ಬಡಿದುಕೊಳ್ಳುತ್ತದೆ, ಒಳಗೆ ತೆರೆಯುವುದು ಜಾಗ ನುಂಗುತ್ತದೆ, ಮಡಚಿಕೊಳ್ಳುವುದು ನೋಡಲು ಚೆಂದವಾದರೂ ಕೀಲು ಹೆಚ್ಚಿದಷ್ಟೂ ತಕರಾರು. ಚಿಕ್ಕ ಮನೆಗೆ ಪಕ್ಕಕ್ಕೆ ಸರಿಯುವುದೇ ಸರಿ. ಕೊನೆಯಲ್ಲಿ ತಪ್ಪದೆ ಒಂದು ಪ್ರಶ್ನೆ: ಮನೆಯಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವರು ಯಾರು?

ಈ ಮನೆಯಲ್ಲಿ ಅದು ಯಜಮಾನರ ತಾಯಿ. ನಾಲ್ಕು ಕಾಲಿನ ಊರುಗೋಲು ಹಿಡಿದು ನಡೆಯುತ್ತಾರೆ. ಮಿಲಿಮೀಟರ್ ತಮ್ಮ ಚೀಲದಿಂದ ಎರಡಿಂಚು ದಪ್ಪದ ಮರದ ಪಟ್ಟಿ ತೆಗೆದು ನೆಲಕ್ಕಿಡುತ್ತಾರೆ. ಮಳೆನೀರು ಒಳಗೆ ಬರದಂತೆ ಅಂಗಡಿಯವರು ಎತ್ತರಿಸಬೇಕೆಂದಿರುವ ಹೊಸ್ತಿಲು ಇಷ್ಟೇ ಎತ್ತರ. ದಾಟಿ ತೋರಿಸಿ ಎಂದಾಗ ಅಜ್ಜಿ ಪಟ್ಟಿಯವರೆಗೆ ಬರುತ್ತಾರೆ, ಊರುಗೋಲನ್ನು ಎತ್ತಲು ನೋಡುತ್ತಾರೆ, ಹಾಗೇ ಹಿಂದೆ ಸರಿಯುತ್ತಾರೆ. ಹೊರಗಿನ ನೆಲ ಅಗೆದು, ಚರಂಡಿ ಮಾಡಿ, ಬಾಗಿಲು ಸರಿಯುವ ಹಳಿಯನ್ನು ನೆಲದ ಮಟ್ಟಕ್ಕೇ ಹೂತರೆ ಹೊಸ್ತಿಲೇ ಬೇಡ. ಆದರೆ ಎರಡು ದಿನ ಹೆಚ್ಚಿಗೆ ಹಿಡಿಯುತ್ತದೆ. ಅಮ್ಮ ಹಿತ್ತಲಿಗೆ ಹೋಗುವುದೇ ಇಲ್ಲವಲ್ಲ ಎಂದು ಮಗ ಮೊಬೈಲಿನಿಂದ ತಲೆ ಎತ್ತದೆ ಹೇಳುತ್ತಾರೆ.

ಅಜ್ಜಿ ಮಿಲಿಮೀಟರ್ ಕಡೆ ತಿರುಗಿ, ‘ನಾನು ಹೋಗ್ಲಿ ಅಂತಾನೇ ಬಾಗಿಲು ಇಡಿಸ್ತಿದಾನೆ ಅಂದ್ಕೊಂಡಿದ್ದೆ’ ಎನ್ನುತ್ತಾರೆ.

ಎರಡಿಂಚಿಗೆ ಮಿಲಿಮೀಟರ್ ಇಷ್ಟು ಹಟ ಹಿಡಿಯುವುದಕ್ಕೆ ಕಾರಣ ಅವರ ಮನೆಯಲ್ಲೇ ಇದೆ. ಇವರನ್ನು ಸಾಕಿದವರು ಅಕ್ಕ. ಒಂಬತ್ತು ವರ್ಷದ ಹಿಂದೆ ಒಂದು ದೊಡ್ಡ ಮನೆಗೆ ಬಾಗಿಲು ಕೂರಿಸಿ, ಅಲ್ಲೇ ಅಕ್ಕನಿಗೆ ಅಡುಗೆ ಕೆಲಸವನ್ನೂ ಕೊಡಿಸಿದ್ದರು. ತಮ್ಮ ಕೈಕೆಲಸವನ್ನು ಅಕ್ಕ ದಿನಾ ನೋಡಲಿ ಎಂಬ ಹೆಮ್ಮೆ. ಮೂರನೇ ವಾರ ತಟ್ಟೆಗಳ ರಾಶಿ ಹಿಡಿದು ಹಿತ್ತಲಿಗೆ ಹೊರಟ ಅಕ್ಕ ಹೊಸ್ತಿಲು ಎಡವಿ ಬಿದ್ದರು. ಸೊಂಟ ಮುರಿಯಿತು. ಆ ಮನೆಯವರು ಮರುದಿನವೇ ಬೇರೆ ಅಡುಗೆಯವಳನ್ನು ಹುಡುಕಿಕೊಂಡರು. ಬೇರೆ ಯಾರೂ ಬೀಳದ ಕಡೆ ಇವಳೇ ಯಾಕೆ ಬಿದ್ದಳು ಎಂದು ಅಂಗಡಿ ಮಾಲೀಕರು ಕೇಳಿದರು.

‘ಅಳತೆ ಚೀಟೀಲಿ ಹೊಸ್ತಿಲು ಬೇಡ ಅಂತ ಬರೆದಿದ್ದೆ. ಪೆನ್ಸಿಲಲ್ಲಿ. ಮಾಲೀಕ್ರು ಅಳಿಸು ಅಂದ್ರು. ಅಳಿಸಿದ್ದು ಅವರಲ್ಲ, ನಾನು. ರಬ್ಬರು ನನ್ನ ಜೇಬಲ್ಲೇ ಇತ್ತು,’ ಎನ್ನುವಾಗ ಮಿಲಿಮೀಟರ್ ತಮ್ಮ ಕೈಯನ್ನೇ ನೋಡುತ್ತಾರೆ. ‘ಅಕ್ಕಂಗೆ ಹೇಳಿದೀನಿ. ಹೋಗ್ಲಿ ಬಿಡು ಅಂದ್ಳು. ಬೈದಿದ್ರೆ ಚೆನ್ನಾಗಿತ್ತು.’

ಅಂದಿನಿಂದ ಇವರ ಚೀಟಿಗಳೆಲ್ಲ ಪೆನ್ನಿನಲ್ಲೇ. ಇವತ್ತಿನ ಚೀಟಿಯಲ್ಲೂ ಎಂಟು ಅಳತೆಗಳ ಕೆಳಗೆ ‘ಹೊಸ್ತಿಲು ಕೂಡದು, ಹಿರಿಯರು ದಾಟಲಾರರು’ ಎಂದು ದಪ್ಪಕ್ಷರದಲ್ಲಿ ಬರೆದು ಸಹಿ ಹಾಕುತ್ತಾರೆ. ಈ ಸಾಲಿಗಾಗಿ ಹೋದ ವರ್ಷ ನಾಲ್ಕು ಸಲ ಮಾಲೀಕರ ಮುಂದೆ ನಿಂತು ಬೈಸಿಕೊಂಡಿದ್ದಾರೆ. ಇನ್ನೊಂದು ಸಲ ಬರೆದರೆ ಬೇರೆ ಕೆಲಸ ನೋಡಿಕೊಳ್ಳಬೇಕಾಗುತ್ತದೆ ಎಂದು ಕೊನೆಯ ಬಾರಿ ಹೇಳಿಯೂ ಆಗಿದೆ.

ಮಧ್ಯಾಹ್ನ ಅಂಗಡಿಯಲ್ಲಿ ಮಾಲೀಕರು ಚೀಟಿ ಓದಿ ಜೋರು ಮಾಡುವುದಿಲ್ಲ. ಮೇಜಿನ ಮೇಲೆ ಒಂದು ಹೊಸ ಚೀಟಿ, ಒಂದು ಪೆನ್ಸಿಲು ಇಡುತ್ತಾರೆ. ಮಿಲಿಮೀಟರ್ ಎರಡನ್ನೂ ಮುಟ್ಟದೆ ನಿಂತಿರುತ್ತಾರೆ. ಮಾಲೀಕರು ಹಳೆಯ ಚೀಟಿಯನ್ನು ಎರಡಾಗಿ ಹರಿದು ಬುಟ್ಟಿಗೆ ಹಾಕುತ್ತಾರೆ. ನಾಳೆಯಿಂದ ಬರುವುದು ಬೇಡ ಎಂಬುದನ್ನು ಮಾರಾಟದವನ ಬಾಯಲ್ಲಿ ಹೇಳಿಸುತ್ತಾರೆ. ಇಪ್ಪತ್ತಾರು ವರ್ಷ ದುಡಿದವರಿಗೆ ಎದುರಿಗೆ ನಿಂತು ಹೇಳುವಷ್ಟು ಮರ್ಯಾದೆಯೂ ಇಲ್ಲ.

ಸಂಜೆ ಇವರ ಬಾಡಿಗೆ ಮನೆಯ ಹಿಂಬಾಗಿಲಲ್ಲಿ ಅಕ್ಕ ಊರುಗೋಲು ಹಿಡಿದು ಹೊರಗೊಮ್ಮೆ ಒಳಗೊಮ್ಮೆ ಓಡಾಡುತ್ತಾರೆ. ಈ ಬಾಗಿಲಿಗೆ ಹೊಸ್ತಿಲಿಲ್ಲ. ಮನೆ ಮಾಲೀಕರ ಕೈಲಿ ಉಗಿಸಿಕೊಂಡು ಇವರೇ ಕಡಿದು ತೆಗೆದಿದ್ದಾರೆ. ಚರಂಡಿ ಮಾಡಲು ಆಚೆ ಜಾಗವಿಲ್ಲದೆ ಮಳೆ ಬಂದರೆ ನೀರು ಒಳಗೇ. ‘ಒರೆಸಿದ್ರಾಯ್ತು’ ಎನ್ನುತ್ತಾರೆ ಅಕ್ಕ. ಕೆಲಸ ಹೋದ ಸುದ್ದಿ ಅವರಿಗಿನ್ನೂ ಗೊತ್ತಿಲ್ಲ.

ಆ ಅಜ್ಜಿಯ ಮನೆಗೆ ಇನ್ನು ಬೇರೊಬ್ಬರು ಹೋಗುತ್ತಾರೆ, ಎರಡಿಂಚು ಹೊಸ್ತಿಲು ಎದ್ದೇ ಏಳುತ್ತದೆ. ಹಾಗಾದರೆ ಈ ಹಟದಿಂದ ಸಿಕ್ಕಿದ್ದೇನು? ಮಿಲಿಮೀಟರ್ ಅಕ್ಕನಿಗೆ ಕೇಳಿಸದಷ್ಟು ಮೆಲ್ಲಗೆ ಹೇಳುತ್ತಾರೆ: ‘ಬರೋ ಮುಂಚೆ ಅಲ್ಲಿ ಚೌಕಟ್ಟು ಕೂರೋ ಗೋಡೆ ಅಂಚಲ್ಲೂ ಬರೆದು ಬಂದಿದೀನಿ, ತಾರೀಕು ಹಾಕಿ. ಹೊಸ್ತಿಲು ಬೇಡ ಅಂತ. ಚೌಕಟ್ಟು ಕೂತ್ಮೇಲೆ ಯಾರಿಗೂ ಕಾಣಲ್ಲ, ಗೊತ್ತು. ಆದ್ರೆ ಈ ಸಲ ಅಳಿಸಿದ್ದು ನಾನಲ್ಲ.’